ಪರೀಕ್ಷೆ ಯಾರಿಗೆ? ಎಡೆದೊರೆ ನಾಡಿನಲ್ಲಿ ಕೆಲಸದ ಹಕ್ಕು ನಡೆದುಬಂದ ದಾರಿ

1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿಕೊಂಡವು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಕಾದಾಡಿದ್ದರು. ರೈಲು ಬಂದ ಮೇಲೆ ಇನ್ನು ಈ ಸೀಮೆಯಲ್ಲಿ ಅನ್ನವಿಲ್ಲದೆ ಯಾರೂ ಸಾಯಬೇಕಿಲ್ಲ, ಒಂದು ಕಡೆ ಬೆಳೆ ಹೋದರೆ ಇನ್ನೊಂದು ಕಡೆಯ ಧಾನ್ಯ ಬಂದು ಇಳಿಯುತ್ತದೆ ಎಂಬುದು ಆ ಕಾಲದ ಅಧಿಕಾರಿಗಳ ನಂಬಿಕೆ.

ಐದೇ ವರ್ಷಕ್ಕೆ ಆ ನಂಬಿಕೆ ಮಣ್ಣುಗೂಡಿತು. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಮೈಸೂರು ಸೀಮೆಯವರು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದಲೇ ನೆನೆಯುವ ಆ ಬರಗಾಲ ಬಳ್ಳಾರಿಯನ್ನು ನುಂಗಿತು, ನಿಜಾಮರ ಸಂಸ್ಥಾನದ ನೈಋತ್ಯ ಮೂಲೆಯಾಗಿದ್ದ ರಾಯಚೂರು, ಲಿಂಗಸುಗೂರು ಸೀಮೆಯನ್ನೂ ಬಿಡಲಿಲ್ಲ. ಮೈಸೂರು ಸಂಸ್ಥಾನವೊಂದರಲ್ಲೇ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದೊಳಕ್ಕೆ ಇಳಿದಿತ್ತು. ಹಳಿಯ ಮೇಲೆ ಧಾನ್ಯವೇನೋ ಬಂತು. ಕೊಳ್ಳುವ ಕಾಸು ಜನರ ಕೈಯಲ್ಲಿರಲಿಲ್ಲ. ಹೊಲದಲ್ಲಿ ಬಿತ್ತನೆಯಿಲ್ಲ, ಕಳೆಯಿಲ್ಲ, ಕೊಯ್ಲಿಲ್ಲ, ಹಾಗಾಗಿ ಕೂಲಿಯಿಲ್ಲ. ಮೂಟೆಗಳು ಕಣ್ಣೆದುರಿಗಿದ್ದರೂ ಕೂಲಿಕಾರರು ಹಸಿವಿನಿಂದ ಸತ್ತರು. ಬರಗಾಲದಲ್ಲಿ ಮೊದಲು ಬತ್ತುವುದು ಕೂಲಿ ಎಂಬ ಈ ಸತ್ಯವನ್ನು 1880ರ ಕ್ಷಾಮ ಆಯೋಗವೇ ತನ್ನ ವರದಿಯಲ್ಲಿ ಒಪ್ಪಿಕೊಂಡಿತು.

ಆದರೆ ಅದಕ್ಕೂ ಮೊದಲು ಸರ್ಕಾರ ಮಾಡಿದ್ದೇನು? 1877ರ ಆರಂಭದಲ್ಲಿ ವೈಸ್‌ರಾಯ್ ಲಿಟ್ಟನ್ ತನ್ನ ಪ್ರತಿನಿಧಿಯಾಗಿ ರಿಚರ್ಡ್ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳಿಸಿದ. ಖರ್ಚು ಬಿಗಿಹಿಡಿಯಬೇಕು ಎಂಬುದು ಅವನಿಗಿದ್ದ ಆಜ್ಞೆ. ಕ್ಷಾಮ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ ಸಾಕು ಎಂದು ಟೆಂಪಲ್ ಗೊತ್ತುಮಾಡಿದ. ಅರ್ಧ ಕಿಲೋಗೂ ಕಡಿಮೆ ಧಾನ್ಯ ತಿಂದು ದಿನವಿಡೀ ಮಣ್ಣು ಅಗೆಯಬೇಕು, ಕಲ್ಲು ಒಡೆಯಬೇಕು. ಮದ್ರಾಸ್ ಪ್ರಾಂತ್ಯದ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಇದು ಸಾವಿನ ಪಡಿ ಎಂಬರ್ಥದಲ್ಲಿ ವಿರೋಧಿಸಿದರು. ಮುಂಬೈ ಪ್ರಾಂತ್ಯದ ದಖ್ಖನ್ ಭಾಗದಲ್ಲಿ ಕೂಲಿಕಾರರು ಆ ಕೂಲಿ ಬೇಡವೆಂದು ಕೆಲಸ ಬಿಟ್ಟು ಎದ್ದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಕಡೆಗೆ ಪಡಿಯನ್ನು ಏರಿಸಲೇಬೇಕಾಯಿತು.

ಟೆಂಪಲ್‌ನ ಹಿಂದಿದ್ದ ವಿಚಾರ ಮಾತ್ರ ಅವನೊಂದಿಗೆ ಹೋಗಲಿಲ್ಲ. ಆಯೋಗದ ವರದಿಯ ನಂತರ 1883ರಿಂದ ರೂಪುಗೊಂಡ ಕ್ಷಾಮ ಸಂಹಿತೆಗಳಲ್ಲಿ ಪರೀಕ್ಷಾ ಕಾಮಗಾರಿ ಎಂಬ ಪದ್ಧತಿ ಸೇರಿತು. ಬರ ಬಿದ್ದಿದೆಯೆಂಬ ಅನುಮಾನ ಬಂದ ಕಡೆ ಕಷ್ಟದ ಕೆಲಸ, ಕಡಿಮೆ ಕೂಲಿ ಇಟ್ಟು ನೋಡುವುದು. ಜನ ಸಾಲುಗಟ್ಟಿ ಬಂದರೆ ಬರ ನಿಜ, ಬರದಿದ್ದರೆ ಸುಳ್ಳು. ಸಂಹಿತೆಗಳಿಂದ ಜೀವಗಳು ಉಳಿದವು ಎಂಬುದನ್ನು ಅಲ್ಲಗಳೆಯಲಾಗದು. ಆದರೂ ಅಲ್ಲಿ ಸರ್ಕಾರ ಪರೀಕ್ಷಕನ ಕುರ್ಚಿಯಲ್ಲಿತ್ತು. ತಾನು ನಿಜವಾಗಿಯೂ ಹಸಿದಿದ್ದೇನೆಂದು ಬಡವನೇ ಮೈಮುರಿದು ರುಜುವಾತು ಮಾಡಬೇಕಿತ್ತು. ರಾಯಚೂರು, ದೇವದುರ್ಗ, ಮಾನ್ವಿಗಳ ಮುಂದಿನ ನೂರೈವತ್ತು ವರ್ಷಗಳ ಕೂಲಿಯ ಕಥೆಯನ್ನು ಈ ಒಂದು ಪ್ರಶ್ನೆ ಹಿಡಿದೇ ಓದಬಹುದು: ಪರೀಕ್ಷೆ ಯಾರಿಗೆ?

ಅಣೆಕಟ್ಟು ಬಂತು, ಗುಳೆ ನಿಲ್ಲಲಿಲ್ಲ

ನಿಜಾಮರ ಕಾಲದಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಬಿಟ್ಟಿ ಚಾಕರಿಯೂ ಜೀತವೂ ಸಾಮಾನ್ಯವಾಗಿದ್ದವು. ಕೆಲಸ ಬೇಕಾದಷ್ಟಿತ್ತು, ಕೂಲಿ ಇರಲಿಲ್ಲ. 1945ರ ಫೆಬ್ರುವರಿಯಲ್ಲಿ ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಸರ್ಕಾರವೂ ಸೇರಿ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಹಾಕಿದವು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು. 1950ರಲ್ಲಿ ಸಂವಿಧಾನ ಬಂತು. ಅದರ 41ನೇ ವಿಧಿ, ಆರ್ಥಿಕ ಶಕ್ತಿಯ ಮಿತಿಯೊಳಗೆ ಕೆಲಸದ ಹಕ್ಕನ್ನು ಒದಗಿಸಲು ರಾಜ್ಯ ಪರಿಣಾಮಕಾರಿ ವ್ಯವಸ್ಥೆ ಮಾಡಬೇಕೆಂದು ಹೇಳಿತು. ಅದು ನಿರ್ದೇಶಕ ತತ್ವ. ಕೋರ್ಟಿಗೆ ಹೋಗಿ ಕೇಳುವಂಥದ್ದಲ್ಲ. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ನಾಡಿನ ಜಿಲ್ಲೆಯಾಯಿತು.

ಅಷ್ಟರಲ್ಲಿ ಎಡದಂಡೆ ಕಾಲುವೆಗೆ ನೀರು ಬಂದಿತ್ತು. ಸಿಂಧನೂರು, ಮಾನ್ವಿ ಕಡೆಯ ಎರೆಹೊಲಗಳು ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಹೊಲ ಕೊಂಡು ಭತ್ತ ಹಚ್ಚಿದರು, ಅವರ ವಸತಿಗಳಿಗೆ ಕ್ಯಾಂಪು ಎಂದೇ ಹೆಸರಾಯಿತು. ಕಾಲುವೆಯ ಮೇಲ್ಭಾಗದಲ್ಲಿ ನೀರು ನಿಂತರೆ ಕೊನೆಭಾಗದ ಮಾನ್ವಿ, ರಾಯಚೂರು ಹಳ್ಳಿಗಳ ರೈತರು ಇವತ್ತಿಗೂ ನೀರಿಗಾಗಿ ರಸ್ತೆಗಿಳಿಯುತ್ತಾರೆ. ಕೃಷ್ಣೆಯ ದಂಡೆಯಲ್ಲೇ ಇರುವ ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಲುಪಿದ್ದು ಬಹಳ ತಡವಾಗಿ, ಅದೂ ಎಲ್ಲ ಹಳ್ಳಿಗಳಿಗಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಬೀಳುವ ಮಳೆಯನ್ನು ನಂಬಿದ ಹೊಲದಲ್ಲಿ ಕೆಲಸವಿರುವುದು ನಾಲ್ಕೈದು ತಿಂಗಳು. ಆಮೇಲೆ?

ಆಮೇಲೆ ಗುಳೆ. ಸುಗ್ಗಿ ಮುಗಿದೊಡನೆ ಜೋಳದ ಹಿಟ್ಟಿನ ಚೀಲ, ಪಾತ್ರೆ, ಹಾಸಿಗೆ ಕಟ್ಟಿಕೊಂಡು, ಸಣ್ಣ ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ಸಂಸಾರಗಳು ಬಸ್ಸು ಹತ್ತುತ್ತವೆ. ಬೆಂಗಳೂರಿನ ಕಟ್ಟಡಗಳು, ಪುಣೆ, ಮುಂಬೈ, ಹೈದರಾಬಾದ್, ಗೋವಾ. ಓದುವ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಡುತ್ತಾರೆ. ದುಡಿಯಲು ಹೋದವರು ಜಾತ್ರೆಗೋ ಮೊಹರಮ್ಮಿಗೋ ಬಂದು ಮುಖ ತೋರಿಸಿ ಮತ್ತೆ ಹೊರಡುತ್ತಾರೆ. ಯಾಕೆ ಹೋಗುತ್ತೀರಿ ಎಂದು ಕೇಳಿದರೆ ಈ ಕಡೆ ಸಿಗುವ ಉತ್ತರ ಒಂದೇ: "ಊರಾಗ ಕೆಲಸ ಇದ್ರ ನಾವ್ಯಾಕ ಗುಳೆ ಹೋಗ್ತಿದ್ವಿರೀ?"

1972ರ ದೊಡ್ಡ ಬರದಲ್ಲಿ ಉತ್ತರ ಕರ್ನಾಟಕದ ಉದ್ದಗಲಕ್ಕೂ ಬರಗಾಲ ಕಾಮಗಾರಿಗಳು ತೆರೆದವು. ಜನ ಜಲ್ಲಿ ಒಡೆದರು, ರಸ್ತೆಗೆ ಮಣ್ಣು ಹಾಕಿದರು. ಮಳೆ ಬಂದ ಕೂಡಲೇ ಕಾಮಗಾರಿ ಮುಚ್ಚಿದವು. ಅದೇ ಬರ ನೆರೆಯ ಮಹಾರಾಷ್ಟ್ರದಲ್ಲಿ ಬೇರೆಯೇ ದಾರಿ ತೆರೆಯಿತು. ಸಾಂಗ್ಲಿ ಜಿಲ್ಲೆಯ ಗಾಂಧಿವಾದಿ, ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಎಸ್. ಪಾಗೆ ಅವರ ಒತ್ತಾಸೆಯಿಂದ, ಬರವಿರಲಿ ಬಿಡಲಿ ಕೇಳಿದವರಿಗೆ ಕೆಲಸ ಕೊಡಬೇಕೆಂಬ ಯೋಜನೆ ಶುರುವಾಯಿತು. ಮುಂಬೈಯಂಥ ನಗರಗಳ ನೌಕರರ ವೃತ್ತಿ ತೆರಿಗೆಯ ಹಣ ಹಳ್ಳಿಯ ಕೂಲಿಗೆ ಹೋಯಿತು. 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಕೆಲಸ ಕೇಳುವುದು ದಾನ ಬೇಡಿದಂತಲ್ಲ, ಕಾನೂನಿನ ಪ್ರಕಾರ ಬರಬೇಕಾದ್ದನ್ನು ಕೇಳಿದಂತೆ ಎಂಬ ಮಾತು ಮೊದಲು ಪುಸ್ತಕಕ್ಕೆ ಇಳಿದದ್ದು ಅಲ್ಲಿ.

ರಾಯಚೂರಿಗೆ ಆ ಮಾತು ಬರಲು ಇನ್ನೂ ಕಾಲು ಶತಮಾನ ಹಿಡಿಯಿತು. ನಡುವೆ 1980ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಕಾರ್ಯಕ್ರಮ, 1983ರ ಭೂರಹಿತರ ಉದ್ಯೋಗ ಯೋಜನೆ, 1989ರ ಜವಾಹರ್ ರೋಜಗಾರ್, 1993ರ ಉದ್ಯೋಗ ಭರವಸೆ ಯೋಜನೆ ಹೀಗೆ ಹೆಸರುಗಳು ಬದಲಾದವು. ಹಣ ಬಂದರೆ ಕೆಲಸ, ತೀರಿದರೆ ಇಲ್ಲ. ಯಾರಿಗೆ ಕೆಲಸವೆಂದು ತೀರ್ಮಾನಿಸುವವನು ಗುತ್ತಿಗೆದಾರ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದಿತು. ಆ 39ರಲ್ಲಿ ಮಾನ್ವಿಯೂ ಇತ್ತು, ದೇವದುರ್ಗವೂ ಇತ್ತು; ಇಡೀ ರಾಜ್ಯದ ಕಟ್ಟಕಡೆಯ ತಾಲ್ಲೂಕು ಎಂಬ ಹಣೆಪಟ್ಟಿ ದೇವದುರ್ಗಕ್ಕೇ ಅಂಟಿತು. ಎರಡು ಮಹಾನದಿಗಳ ನಡುವಿನ ನಾಡಿಗೆ ಬಂದ ಗತಿ ಇದು.

2006ರ ಫೆಬ್ರುವರಿ

2005ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯನ್ನು ಅಂಗೀಕರಿಸಿತು. 2006ರ ಫೆಬ್ರುವರಿ 2ರಂದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಚಾಲನೆ ಸಿಕ್ಕಿತು. ಮೊದಲ ಹಂತದ 200 ಜಿಲ್ಲೆಗಳಲ್ಲಿ ಕರ್ನಾಟಕದ ಐದು ಇದ್ದವು: ರಾಯಚೂರು, ಬೀದರ್, ಗುಲಬರ್ಗಾ, ಚಿತ್ರದುರ್ಗ, ದಾವಣಗೆರೆ. ಬೆಂಗಳೂರಿನಲ್ಲಿ ಆ ವಾರ ಯಾರಿಗೂ ಇದರತ್ತ ನೋಡುವ ಪುರುಸೊತ್ತಿರಲಿಲ್ಲ. ಧರ್ಮಸಿಂಗ್ ಸರ್ಕಾರ ಬಿದ್ದು, ಫೆಬ್ರುವರಿ 3ರಂದು ಎಚ್.ಡಿ. ಕುಮಾರಸ್ವಾಮಿ ಪ್ರಮಾಣವಚನ ಸ್ವೀಕರಿಸಿದರು. ಪತ್ರಿಕೆಗಳ ಮುಖಪುಟ ರಾಜಕೀಯದಿಂದಲೇ ತುಂಬಿತ್ತು. ಎಡೆದೊರೆ ನಾಡಿನ ಕೂಲಿಕಾರರ ಬಾಳಿನಲ್ಲಿ ಮಾತ್ರ ಹೆಚ್ಚು ದಿನ ಉಳಿದದ್ದು ಹಿಂದಿನ ದಿನದ ಸುದ್ದಿ.

ಆ ಕಾಯ್ದೆಯ ಒಳಗಟ್ಟು ಹೀಗಿತ್ತು. ಹಳ್ಳಿಯ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ. ಅರ್ಜಿ ಕೊಟ್ಟ 15 ದಿನದೊಳಗೆ, ಐದು ಕಿಲೋಮೀಟರ್ ಒಳಗೆ ಕೆಲಸ. ಅದಕ್ಕಿಂತ ದೂರವಾದರೆ ಕೂಲಿಯ ಮೇಲೆ ಶೇ 10 ಹೆಚ್ಚು. ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಗುತ್ತಿಗೆದಾರ ಕೂಡದು, ಆಳಿನ ಕೆಲಸ ಕಸಿಯುವ ಯಂತ್ರ ಕೂಡದು. ಕನಿಷ್ಠ ಅರ್ಧದಷ್ಟು ಕಾಮಗಾರಿ ಗ್ರಾಮ ಪಂಚಾಯಿತಿಯ ಕೈಯಲ್ಲೇ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ: ಮೊದಲ 30 ದಿನ ಕೂಲಿಯ ಕಾಲುಭಾಗ, ಆಮೇಲೆ ಅರ್ಧ.

ಇದರಲ್ಲೊಂದು ಜಾಣ ಕಟ್ಟು ಇತ್ತು. ಕೆಲಸ ಕೊಟ್ಟರೆ ಕೂಲಿಯ ಪೂರ್ತಿ ಖರ್ಚು ಕೇಂದ್ರದ್ದು. ಕೊಡದಿದ್ದರೆ ಭತ್ಯೆಯ ಖರ್ಚು ರಾಜ್ಯದ್ದು. ಅಂದರೆ ಕೆಲಸ ಕೊಡುವುದೇ ರಾಜ್ಯಕ್ಕೆ ಲಾಭವಾಗಿತ್ತು. ಟೆಂಪಲ್‌ನ ಕಾಲದಿಂದ ಬಡವನ ಮೇಲಿದ್ದ ರುಜುವಾತಿನ ಹೊರೆಯನ್ನು ಈ ಕಾಯ್ದೆ ಸರ್ಕಾರದ ಹೆಗಲಿಗೆ ದಾಟಿಸಿತು. ಕೆಲಸ ಏಕೆ ಬೇಕು, ಹೊಲ ಎಷ್ಟಿದೆ, ಬರ ಬಂದಿದೆಯೇ ಎಂದು ಕೇಳುವ ಹಕ್ಕು ಯಾವ ಅಧಿಕಾರಿಗೂ ಉಳಿಯಲಿಲ್ಲ. 15 ದಿನದಲ್ಲಿ ಕೊಟ್ಟೆಯೋ ಇಲ್ಲವೋ ಎಂದು ಕೇಳುವ ಸರದಿ ಕೂಲಿಕಾರಳದಾಯಿತು.

ಒಂದು ರಸೀದಿಯ ಜಗಳ

ಕಾಗದದ ಮೇಲಿನ ಹಕ್ಕು ಪಂಚಾಯಿತಿ ಕಟ್ಟೆಯ ಮೇಲೆ ಏನಾಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಕೆಲಸ ಬೇಡುವ ಅರ್ಜಿಗೆ ನಮೂನೆ 6 ಎನ್ನುತ್ತಾರೆ. ಅದನ್ನು ಪಡೆದ ಪಂಚಾಯಿತಿ ದಿನಾಂಕ ಹಾಕಿದ ಸ್ವೀಕೃತಿ ರಸೀದಿ ಕೊಡಬೇಕು. 15 ದಿನದ ಲೆಕ್ಕ ಆ ದಿನಾಂಕದಿಂದ ಶುರು. ರಸೀದಿ ಇಲ್ಲದಿದ್ದರೆ ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿಯಿಲ್ಲ, ಗಡುವಿಲ್ಲ, ಭತ್ಯೆಯಿಲ್ಲ. ರಾಜ್ಯದ ಬೊಕ್ಕಸದಿಂದ ಭತ್ಯೆ ಕೊಡಬೇಕಾದ ಪ್ರಸಂಗ ಬಂದರೆ ಉತ್ತರ ಹೇಳಬೇಕಾದವರು ಕೆಳಗಿನ ಅಧಿಕಾರಿಗಳು. ಆದ್ದರಿಂದ ಅರ್ಜಿ ತೆಗೆದುಕೊಂಡರೂ ರಸೀದಿ ಮಾತ್ರ ಕೈಗೆ ಬರುತ್ತಿರಲಿಲ್ಲ. "ಈಗ ಕೆಲಸ ಇಲ್ಲವ್ವ, ಬಂದಾಗ ಹೇಳ್ತೀವಿ ಹೋಗು." ಈ ಒಂದು ಮಾತಿನಲ್ಲಿ ಸಂಸತ್ತಿನ ಕಾಯ್ದೆ ಬಾಗಿಲಾಚೆಗೆ ಹೋಗುತ್ತಿತ್ತು. ಜಾಬ್ ಕಾರ್ಡುಗಳು ಕೂಲಿಕಾರರ ಮನೆಯಲ್ಲಿರುವ ಬದಲು ಊರಿನ ದೊಡ್ಡವರ ಪೆಟ್ಟಿಗೆಯಲ್ಲಿ ಕೂತವು. ರಾತ್ರಿ ಜೆಸಿಬಿ ಕೆರೆ ಅಗೆಯಿತು, ಹಗಲು ಹಾಜರಿ ಪಟ್ಟಿಯಲ್ಲಿ ಹೆಸರುಗಳು ತುಂಬಿದವು. ರಾಜ್ಯದ ಎಷ್ಟೋ ಕಡೆ ಸಾಮಾಜಿಕ ಪರಿಶೋಧನೆಗಳು ಬಯಲಿಗೆಳೆದದ್ದು ಇದನ್ನೇ.

ಕಾಯ್ದೆ ಇಲ್ಲಿ ನೆಲ ಕಂಡಿದ್ದರೆ ಅದಕ್ಕೆ ಕಾರಣ ಸಂಘ ಕಟ್ಟಿದ ಕೂಲಿಕಾರರು, ಅವರಲ್ಲೂ ಹೆಣ್ಣುಮಕ್ಕಳು. ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ದಲಿತ ಕೂಲಿ ಹೆಣ್ಣುಮಕ್ಕಳು ಜಾಗೃತ ಮಹಿಳಾ ಸಂಘಟನೆ ಕಟ್ಟಿದ್ದರು. ದುಡಿಯುವ ಮಕ್ಕಳಿಗಾಗಿ ಚಿಲಿಪಿಲಿ ಎಂಬ ಶಾಲೆ, ಬೇವಿನ ಗೊಬ್ಬರ, ಸುಟ್ಟ ಮಣ್ಣಿನ ಆಭರಣ ಹೀಗೆ ಅವರ ಕೆಲಸ ಹಬ್ಬಿತ್ತು. ಗೌಡರ ಹೊಲದಲ್ಲಿ ತಲೆತಗ್ಗಿಸಿ ದುಡಿದವರು ಪಂಚಾಯಿತಿ ಮೆಟ್ಟಿಲೇರಿ ರಸೀದಿ ಕೇಳುವುದನ್ನು ಕಲಿತರು. ಗ್ರಾಕೂಸ್ ಎಂದು ಹೆಸರಾದ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ನಮೂನೆ 6 ತುಂಬಿಸುವುದನ್ನೇ ಚಳವಳಿ ಮಾಡಿತು. ಒಬ್ಬೊಬ್ಬರೇ ಹೋದರೆ ಸಾಗಹಾಕುತ್ತಾರೆ. ಐವತ್ತು ಮಂದಿ ಒಟ್ಟಿಗೆ ಹೋಗಿ ರಸೀದಿ ಕೊಡುವವರೆಗೂ ಕಟ್ಟೆಯ ಮೇಲೆ ಕೂತರೆ ಕೊಡಲೇಬೇಕು. ತಾಲ್ಲೂಕು ಪಂಚಾಯಿತಿ ಮುಂದೆ, ರಾಯಚೂರಿನ ಜಿಲ್ಲಾ ಪಂಚಾಯಿತಿ ಮುಂದೆ ಧರಣಿಗಳು ನಡೆದವು. ಎರಡು ಬೆರಳಗಲದ ಕಾಗದದ ಚೂರಿಗಾಗಿ ಇಷ್ಟು ಹೋರಾಟವೇ ಎಂದು ಕೇಳುವವರಿದ್ದರು. ಆ ಚೂರು ಇದ್ದರೆ ಪರೀಕ್ಷೆ ಸರ್ಕಾರಕ್ಕೆ, ಇಲ್ಲದಿದ್ದರೆ ಕೂಲಿಕಾರಳಿಗೆ. ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು.

2009ರ ಅಕ್ಟೋಬರ್ 2ರಂದು ಕಾಯ್ದೆಗೆ ಮಹಾತ್ಮ ಗಾಂಧಿಯವರ ಹೆಸರಿಡಲಾಯಿತು. ಆ ದಿನ ತುಂಗಭದ್ರೆ ಉಕ್ಕಿ ಹರಿದು ಮಂತ್ರಾಲಯ ಮುಳುಗಿತ್ತು, ನದೀದಂಡೆಯ ಹಳ್ಳಿಗಳು ನೀರಿನಲ್ಲಿದ್ದವು. ಬರದ ನಾಡು ಪ್ರವಾಹಕ್ಕೂ ಸಿಕ್ಕಿ ಮನೆ, ಬೆಳೆ, ದನಕರು ಕಳೆದುಕೊಂಡಿತು. ಮಣ್ಣು ಕೊಚ್ಚಿಹೋದ ಹೊಲಗಳಿಗೆ ಮತ್ತೆ ಒಡ್ಡು ಕಟ್ಟಬೇಕಾದಾಗ ನೆರವಿಗೆ ಒದಗಬಹುದಾದ ಕಾಯ್ದೆ ಇದೊಂದೇ.

ಕೂಲಿಯ ಲೆಕ್ಕ

ಕೆಲಸ ಕೊಟ್ಟರೆ ಸಾಲದು, ಕೂಲಿ ಎಷ್ಟು? 1983ರಲ್ಲೇ ಸುಪ್ರೀಂ ಕೋರ್ಟ್, ರಾಜಸ್ಥಾನದ ಕ್ಷಾಮ ಕಾಮಗಾರಿಯ ಪ್ರಕರಣದಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತ್ತು. ಆದರೂ 2009ರ ಜನವರಿಯಲ್ಲಿ ಕೇಂದ್ರ ಸರ್ಕಾರ ಖಾತರಿ ಕೂಲಿಯನ್ನು ರಾಜ್ಯಗಳ ಕನಿಷ್ಠ ವೇತನದಿಂದ ಬಿಡಿಸಿತು. 2011ರಲ್ಲಿ ಕರ್ನಾಟಕದ ಖಾತರಿ ಕೂಲಿ 125 ರೂಪಾಯಿ, ಕೃಷಿಯ ಕನಿಷ್ಠ ವೇತನ ಅದಕ್ಕಿಂತ ಹೆಚ್ಚು. ಕೃಷಿ ಕೂಲಿಕಾರರು ಹೈಕೋರ್ಟಿಗೆ ಹೋದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದಿತು. ಕೇಂದ್ರ ಮೇಲ್ಮನವಿ ಹೋಯಿತು. ತಡೆಯಾಜ್ಞೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೂಲಿ ಮರುವರ್ಷ 155ಕ್ಕೆ ಏರಿತು. 2020ರಲ್ಲಿ 275, 2025ರಲ್ಲಿ 370.

ಆ 370 ಕೂಡ ದಿನಗೂಲಿಯಾಗಿ ನೇರ ಕೈಗೆ ಬರುವುದಿಲ್ಲ. ಕೂಲಿ ಅಳತೆಯ ಮೇಲೆ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಹಾರೆಗೂ ಜಗ್ಗುವುದಿಲ್ಲ. ಬಿಸಿಲೇರುವ ಮುಂಚೆ ಮುಗಿಸಬೇಕೆಂದು ನಸುಕಿನಲ್ಲೇ ಹೊರಡುತ್ತಾರೆ; ಗಂಡಸರು ಅಗೆದರೆ ಹೆಂಗಸರು ಪುಟ್ಟಿಯಲ್ಲಿ ಮಣ್ಣು ತುಂಬಿ ಒಡ್ಡಿಗೆ ಸುರಿಯುತ್ತಾರೆ. ವಾರ ಮುಗಿದ ಮೇಲೆ ಎಂಜಿನಿಯರ್ ಟೇಪು ಹಿಡಿದು ಗುಂಡಿ ಅಳೆಯುತ್ತಾರೆ. ಕಡಿಮೆ ಬಿದ್ದರೆ ಕೂಲಿಯೂ ಕಡಿಮೆ. ಈ ಭಾಗದ ಬಿಸಿಲು ನೋಡಿ ರಾಜ್ಯ ಸರ್ಕಾರ ಬೇಸಿಗೆಯಲ್ಲಿ ಅಳತೆಗೆ ರಿಯಾಯಿತಿ ಕೊಟ್ಟದ್ದು, ಕೂಲಿಕಾರರ ಗುಂಪಿನ ಉಸ್ತುವಾರಿ ನೋಡುವ ಮೇಟಿಗಳಿಗೆ ಕಾಯಕ ಬಂಧು ಎಂದು ಹೆಸರಿಟ್ಟು ಹೆಣ್ಣುಮಕ್ಕಳನ್ನು ಆ ಕೆಲಸಕ್ಕೆ ತಂದದ್ದು, ಕೆಲಸಕ್ಕೆ ಬರುವ ತಾಯಂದಿರ ಎಳೆಯ ಮಕ್ಕಳಿಗೆ ಕೂಸಿನ ಮನೆಗಳನ್ನು ತೆರೆದದ್ದು ಒಳ್ಳೆಯ ಹೆಜ್ಜೆಗಳು.

2020ರ ಲಾಕ್‌ಡೌನ್ ಈ ಕಾಯ್ದೆಯ ಬೆಲೆಯನ್ನು ಎಲ್ಲರಿಗೂ ತಿಳಿಸಿತು. ಬೆಂಗಳೂರಿನ ಶೆಡ್ಡುಗಳಿಂದ, ಮುಂಬೈ, ಪುಣೆಗಳಿಂದ ರಾಯಚೂರು ಜಿಲ್ಲೆಯ ಜನ ಸಿಕ್ಕ ವಾಹನ ಹಿಡಿದು, ಸಿಗದವರು ನಡೆದು ಊರು ಸೇರಿದರು. ಆ ಬೇಸಿಗೆಯಲ್ಲಿ ಕೈಗೆ ಸಿಕ್ಕ ಒಂದೇ ಕೆಲಸ ಖಾತರಿಯದು. ದೇಶದಾದ್ಯಂತ ಆ ಆರ್ಥಿಕ ವರ್ಷ 7.5 ಕೋಟಿ ಕುಟುಂಬಗಳು ಸುಮಾರು 389 ಕೋಟಿ ಮಾನವ ದಿನ ದುಡಿದವು; ಅಷ್ಟು ಹಿಂದೆಂದೂ ಆಗಿರಲಿಲ್ಲ. ಆ ವರ್ಷ ಬಜೆಟ್ಟಿನಲ್ಲಿ 61,500 ಕೋಟಿ ರೂಪಾಯಿ ಇಟ್ಟಿದ್ದ ಸರ್ಕಾರ ಮೇಲೆ ಇನ್ನೂ 40,000 ಕೋಟಿ ಘೋಷಿಸಬೇಕಾಯಿತು. 1877ಕ್ಕೂ 2020ಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು: ಕಷ್ಟ ಬಂದ ದಿನ ಕೆಲಸ ಕೇಳುವ ಬಾಗಿಲು ಮೊದಲೇ ತೆರೆದಿತ್ತು.

ಪೂರ್ಣ ಉದ್ಯೋಗ ಎಂದರೆ

1944ರಲ್ಲಿ ಬ್ರಿಟನ್ನಿನ ವಿಲಿಯಂ ಬೆವರಿಜ್ ಪೂರ್ಣ ಉದ್ಯೋಗಕ್ಕೊಂದು ಅಳತೆ ಕೊಟ್ಟರು: ಕೆಲಸವಿಲ್ಲದ ಜನರ ಸಂಖ್ಯೆಗಿಂತ ಖಾಲಿ ಇರುವ ಕೆಲಸಗಳ ಸಂಖ್ಯೆ ಯಾವಾಗಲೂ ಹೆಚ್ಚಿರಬೇಕು, ಕಾಯುವ ಸರದಿ ದುಡಿಯುವವನದಲ್ಲ, ದುಡಿಸಿಕೊಳ್ಳುವವನದಾಗಬೇಕು. ನಮ್ಮ ದೇಶದ ಅಳತೆ ಬೇರೆ. ಸರ್ಕಾರದ ಶ್ರಮಶಕ್ತಿ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಏಳು ದಿನದಲ್ಲಿ ಒಂದು ದಿನ, ಒಂದು ಗಂಟೆ ದುಡಿದರೂ ಉದ್ಯೋಗಸ್ಥ. ಈ ಲೆಕ್ಕ ಹಿಡಿದರೆ ದೇವದುರ್ಗದಲ್ಲಿ ನಿರುದ್ಯೋಗಿಗಳು ಬೆರಳೆಣಿಕೆಯಷ್ಟು ಸಿಕ್ಕಾರು. ಬಡವರಿಗೆ ಸುಮ್ಮನೆ ಕೂರುವ ಶಕ್ತಿಯೇ ಇಲ್ಲ; ಏನಾದರೊಂದು ಮಾಡುತ್ತಲೇ ಇರುತ್ತಾರೆ. ಬೆಂಗಳೂರಿನ ಹದಿನಾಲ್ಕನೇ ಮಹಡಿಗೆ ಇಟ್ಟಿಗೆ ಹೊರುವ ದೇವದುರ್ಗದ ದಂಪತಿಗಳೂ ಲೆಕ್ಕದಲ್ಲಿ ವರ್ಷವಿಡೀ ಉದ್ಯೋಗಸ್ಥರೇ. ಊರಿನಲ್ಲಿ ಬಿಟ್ಟುಬಂದ ಮಗಳು ಶಾಲೆ ಬಿಟ್ಟದ್ದು, ತಗಡಿನ ಶೆಡ್ಡಿನಲ್ಲಿ ಕೂಸಿಗೆ ಜ್ವರ ಬಂದದ್ದು, ಊರಿನ ರೇಷನ್ ತಪ್ಪಿದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಆದ್ದರಿಂದ ಎಡೆದೊರೆ ನಾಡಿನ ಮಟ್ಟಿಗೆ ಪೂರ್ಣ ಉದ್ಯೋಗವನ್ನು ಬೇರೆ ರೀತಿಯಲ್ಲಿ ಅಳೆಯಬೇಕು. ಹೋಗಲೇಬೇಕಾದ ಅನಿವಾರ್ಯತೆಯಿಂದ ಯಾವ ಸಂಸಾರವೂ ಗುಳೆ ಹೋಗದಂತಿರಬೇಕು. ಹೆಚ್ಚು ಗಳಿಸಲೆಂದು ಹೋಗುವವರು ಹೋಗಲಿ. ಊರಲ್ಲೇ ಉಳಿಯುತ್ತೇನೆ ಎನ್ನುವವರಿಗೆ ಉಳಿಯುವ ದಾರಿ ಇರಬೇಕು. ಖಾತರಿ ಕೆಲಸ ಇದ್ದ ಹಳ್ಳಿಯಲ್ಲಿ ಕೂಲಿಕಾರಳು ಹೊಲದೊಡೆಯನ ಹತ್ತಿರವೂ ಕೂಲಿ ಮಾತಾಡಬಲ್ಲಳು. ಮೇಸ್ತ್ರಿಯ ಮುಂಗಡ ಬೇಡವೆನ್ನಬಲ್ಲಳು. ಜೀತ ಪದ್ಧತಿಯನ್ನು 1976ರ ಕಾಯ್ದೆ ನಿಷೇಧಿಸಿತು. ಜೀತಕ್ಕೆ ಹೋಗದೆ ಬದುಕುವ ದಾರಿ ಕೊಡುವುದು ಕೆಲಸದ ಖಾತರಿ.

ಓದಿದವರ ಪಾಡು ಇನ್ನೊಂದು ಬಗೆ. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ 2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಮಾಡಿ, 371(ಜೆ) ವಿಧಿಯಡಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟಿತು. ಪ್ರಾದೇಶಿಕ ಹುದ್ದೆಗಳಲ್ಲಿ ಶೇ 75ರಿಂದ 85ರಷ್ಟು ಸ್ಥಳೀಯರಿಗೆ ಮೀಸಲಾಯಿತು. ಇದರಿಂದ ಎಷ್ಟೋ ಹಳ್ಳಿಯ ಮಕ್ಕಳು ಶಿಕ್ಷಕರೂ ಎಂಜಿನಿಯರರೂ ವೈದ್ಯರೂ ಆದರು. ಆದರೆ ಮೀಸಲು ಇರುವುದು ತುಂಬುವ ಹುದ್ದೆಗೆ. ತುಂಬದೆ ಬಿಟ್ಟ ಹುದ್ದೆಗೆ ಅದು ಅನ್ವಯಿಸುವುದಿಲ್ಲ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಎಷ್ಟೋ ಮನೆಗಳ ಒಲೆ ಉರಿಸಿದೆ. ಇವು ಬೇಕು. ಹಣದ ನೆರವು ಹಸಿವನ್ನು ತಡೆಯುತ್ತದೆ. ಕೆಲಸ ಅದರೊಂದಿಗೆ ಕೆರೆಯನ್ನೂ ಒಡ್ಡನ್ನೂ, ದುಡಿದು ತಿಂದೆನೆಂಬ ಮನಸ್ಸಿನ ಗಟ್ಟಿತನವನ್ನೂ ಕೊಡುತ್ತದೆ. ಒಂದರ ಬದಲು ಇನ್ನೊಂದು ಎಂದು ಸರ್ಕಾರಗಳು ಕೈತೊಳೆದುಕೊಳ್ಳಬಾರದು. ರಾಯಚೂರು ನಗರದ ಬಡವರಿಗಂತೂ ಕೆಲಸದ ಖಾತರಿ ಇವತ್ತಿಗೂ ಇಲ್ಲ. ಅದು ಊರ ಗಡಿಯ ಹೊರಗೇ ನಿಂತಿದೆ. ಕೇರಳ, ರಾಜಸ್ಥಾನಗಳು ನಗರದವರಿಗೂ ಅಂಥ ಯೋಜನೆ ಮಾಡಿ ತೋರಿಸಿವೆ.

ಹಿಂದಕ್ಕೆ ತಿರುಗಿದ ಚಕ್ರ

ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಮತ್ತೆ ಕೂಲಿಕಾರರ ಕಡೆಗೆ ವಾಲುತ್ತಿದೆ. 2023ರ ಜನವರಿಯಿಂದ ಹಾಜರಿಗೆ ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಎರಡು ಫೋಟೊ ಕಡ್ಡಾಯ. ಎರಡಕ್ಕೂ ನಡುವೆ ನಾಲ್ಕು ಗಂಟೆ ಅಂತರ. ನಸುಕಿನಲ್ಲಿ ಬಂದು ತಮ್ಮ ಪಾಲಿನ ಗುಂಡಿ ಬೇಗ ಅಗೆದವರೂ ಎರಡನೇ ಫೋಟೊಗಾಗಿ ಬಿಸಿಲಲ್ಲಿ ಕಾಯಬೇಕು. ನೆಟ್‌ವರ್ಕ್ ಸಿಗದಿದ್ದರೆ ಹಾಜರಿ ಬೀಳುವುದಿಲ್ಲ, ಕೂಲಿಯೂ ಬರುವುದಿಲ್ಲ. 2024ರ ಜನವರಿಯಿಂದ ಆಧಾರ್ ಜೋಡಣೆಯ ಪಾವತಿ ಕಡ್ಡಾಯವಾಯಿತು; ಹೆಸರಿನ ಒಂದಕ್ಷರ ತಪ್ಪಿದರೂ ಅಲೆದಾಟ. ಕಳ್ಳತನ ತಡೆಯಲು ಇದೆಲ್ಲ ಎನ್ನುತ್ತಾರೆ. ಜೆಸಿಬಿ ತಂದದ್ದು ಕೂಲಿಕಾರಳಲ್ಲ. ಫೋಟೊಗೆ ನಿಲ್ಲಬೇಕಾದವಳು ಮಾತ್ರ ಅವಳು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ವಿಕಸಿತ ಭಾರತ ಜಿ ರಾಮ್ ಜಿ ಎಂಬ ಹೊಸ ಕಾಯ್ದೆಯನ್ನು ತಂದಿತು. ಅದರಲ್ಲಿ ದಿನಗಳು 100ರಿಂದ 125ಕ್ಕೆ ಏರಿವೆ. ಆದರೆ ಕೂಲಿಯ ಪೂರ್ತಿ ಹೊಣೆ ಹೊರುತ್ತಿದ್ದ ಕೇಂದ್ರ ಈಗ ಖರ್ಚಿನ ಶೇ 60ನ್ನು ಮಾತ್ರ ಹೊತ್ತು, 40ನ್ನು ಕರ್ನಾಟಕದಂಥ ರಾಜ್ಯಗಳಿಗೆ ಬಿಟ್ಟಿದೆ. ಪ್ರತಿ ರಾಜ್ಯಕ್ಕೆ ಎಷ್ಟು ಹಣವೆಂದು ಕೇಂದ್ರ ಮೊದಲೇ ಗೊತ್ತುಮಾಡುತ್ತದೆ. ಮೀರಿದರೆ ರಾಜ್ಯವೇ ಭರಿಸಬೇಕು. ಕೆಲಸ ಕೊಟ್ಟರೆ ಲಾಭ ಎಂದಿದ್ದ ಹಳೆಯ ಕಟ್ಟು ಸಡಿಲವಾಯಿತು. ಇನ್ನು ಕೊಟ್ಟ ಪ್ರತಿ ದಿನದ ಕೆಲಸವೂ ರಾಜ್ಯಕ್ಕೆ ಖರ್ಚು. ಬಿತ್ತನೆ, ಕೊಯ್ಲಿನ ಹಂಗಾಮಿನಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಲೂ ಅವಕಾಶವಿದೆ. ಕಾಲುವೆ ನೀರಿನ ಹೊಲಗಳಿಗೆ ಆಗ ಆಳು ಬೇಕು, ನಿಜ. ಮಳೆ ಕೈಕೊಟ್ಟ ಒಣಭೂಮಿಯ ಹಳ್ಳಿಯಲ್ಲಿ ಅದೇ ತಿಂಗಳುಗಳಲ್ಲಿ ಕಳೆಯೂ ಇಲ್ಲ, ಕೊಯ್ಲೂ ಇಲ್ಲ. 1876ರಲ್ಲಿ ಆದದ್ದು ಅದೇ ಅಲ್ಲವೇ?

ಚರಿತ್ರೆಯ ತೀರ್ಪು ಸ್ಪಷ್ಟವಿದೆ. ಹಸಿವನ್ನು ಬಡವರು ರುಜುವಾತು ಮಾಡಬೇಕಾದ ಕಾಲದಲ್ಲಿ ಈ ನಾಡು ಹೆಣ ಎಣಿಸಿತು. ಹೊಣೆಯನ್ನು ಸರ್ಕಾರ ರುಜುವಾತು ಮಾಡಬೇಕಾದ ಕಾಲದಲ್ಲಿ, ಎಷ್ಟೇ ಕುಂದುಕೊರತೆಗಳಿದ್ದರೂ, ಕೂಲಿಕಾರರು ತಲೆಯೆತ್ತಿದರು. ಕಾಯ್ದೆಗೆ ಯಾವ ಹೆಸರಾದರೂ ಇರಲಿ, ದಿನಗಳು ನೂರೋ ನೂರಿಪ್ಪತ್ತೈದೋ ಆಗಲಿ, ಕೇಳಿದವರಿಗೆಲ್ಲ ಕೆಲಸ ಎಂಬ ಒಂದು ಮಾತು ಅದರೊಳಗೆ ಉಳಿಯದಿದ್ದರೆ ಅದನ್ನು ಖಾತರಿ ಎನ್ನಲಾಗದು. ರಾಜ್ಯ ಸರ್ಕಾರಕ್ಕೂ, ಜಿಲ್ಲೆಯ ಅಧಿಕಾರಿಗಳಿಗೂ, ಪಂಚಾಯಿತಿಗಳಲ್ಲಿ ಕೂತ ನಮ್ಮವರೇ ಆದ ಅಭಿವೃದ್ಧಿ ಅಧಿಕಾರಿಗಳಿಗೂ ಈ ಲೇಖಕನ ಕೋರಿಕೆ ಇಷ್ಟೇ: ಮುಂದಿನ ಕಾನೂನು, ಬಜೆಟ್ಟುಗಳ ಜಗಳ ಹೇಗಾದರೂ ಆಗಲಿ, ಕೆಲಸ ಕೇಳಿಕೊಂಡು ಬಂದ ತಾಯಿಯನ್ನು ಬರಿಗೈಯಲ್ಲಿ ಕಳಿಸಬೇಡಿ. ಆಕೆಯ ಅರ್ಜಿ ಪಡೆಯಿರಿ, ದಿನಾಂಕ ಹಾಕಿ ರಸೀದಿ ಕೊಡಿ.